ಬೊಕ್ಕಸಕ್ಕೆ ಅಪ್ಪನ ಮನೆ ಜಾಮೀನು

ಖಜಾನೆ ಭವನದಲ್ಲಿ ಕೆಲಸ ಎಂದರೆ ಜನ ನನಗೆ ಕುರ್ಚಿ ಎಳೆದು ಕೊಡುತ್ತಾರೆ. ಏನು ಕೆಲಸ ಎಂದು ಕೇಳಿ ತಿಳಿದುಕೊಂಡ ಮೇಲೆ ಆ ಕುರ್ಚಿಯಲ್ಲಿ ತಾವೇ ಕೂರುತ್ತಾರೆ. ನನ್ನದು ಪ್ರಕಟಣಾ ವಿಭಾಗ. ವಿಭಾಗ ಎಂದರೆ ಒಂದು ಮೇಜು, ಒಂದು ಕಂಪ್ಯೂಟರು, ಒಬ್ಬ ನಾನು, ಅದೂ ಗುತ್ತಿಗೆಯ ಮೇಲೆ. ಎರಡನೆಯ ಮಹಡಿಯ ಕಾರಿಡಾರಿನಲ್ಲಿ ರಾಜ್ಯದ ಇದುವರೆಗಿನ ಮುಖ್ಯ ಖಜಾಂಚಿಗಳ ತೈಲಚಿತ್ರಗಳು ಸಾಲಾಗಿ ತೂಗುತ್ತವೆ. ಒಂದೊಂದರ ಕೆಳಗೂ ಎರಡು ಸಾಲು ಬರೆದು ಅಂಟಿಸುವುದು, ಜೊತೆಗೆ ಆ ಹುದ್ದೆಯ ಚರಿತ್ರೆಯನ್ನು ಒಂದು ಕಿರುಹೊತ್ತಿಗೆ ಮಾಡುವುದು ನನಗೆ ಒಪ್ಪಿಸಿದ ಕೆಲಸ. ತಿಂಗಳ ಕೊನೆಯ ವಾರ ಗೆಳೆಯರ ದುಡ್ಡಿನಲ್ಲಿ ಚಹಾ ಕುಡಿಯುವವನು ರಾಜ್ಯದ ಬೊಕ್ಕಸದ ಚರಿತ್ರೆ ಬರೆಯುತ್ತಿದ್ದಾನೆ ಎಂಬುದು ನಮ್ಮ ಬೀದಿಯಲ್ಲಿ ಹಳೆಯ ಜೋಕು. ಮೊದಲು ಅದನ್ನು ಹೇಳಿದವನೂ ನಾನೇ.

ಆ ಹೊತ್ತಿಗೆಯಲ್ಲಿ ಒಂದೇ ಸಾಲಿಗೆ ಮುಗಿದುಹೋದ ಒಬ್ಬರ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಅವರು ನನ್ನ ಸೋದರತ್ತೆ, ಅಪ್ಪನ ಅಕ್ಕ. ಅದೇ ಭವನದಲ್ಲಿ ಉಪಖಜಾಂಚಿ. ನನಗೆ ಕೆಲಸ ಕೊಡಿಸಿದ್ದು ಅವರೇ ಎಂದು ಕಚೇರಿಯ ತುಂಬ ನಂಬಿಕೆಯಿದೆ. ನಡೆದದ್ದು ಬೇರೆ. ನನ್ನ ಅರ್ಜಿಯನ್ನು ಅತ್ತೆ ಎರಡು ಸಲ ವಾಪಸ್ ಕಳಿಸಿದ್ದರು. ಒಂದು ಸಲ ಫೋಟೋ ಸೊಟ್ಟಗೆ ಅಂಟಿಸಿದ್ದಕ್ಕೆ. ಇನ್ನೊಂದು ಸಲ, 'ಅನುಭವ' ಎಂಬಲ್ಲಿ ನಾನು 'ಸಾಕಷ್ಟು' ಎಂದು ತುಂಬಿದ್ದಕ್ಕೆ.

ಅವರ ಕೆಲಸವೇ ಅದು. ಇಲಾಖೆಗಳಿಂದ ಬರುವ ಬಿಲ್ಲುಗಳನ್ನು ನೋಡಿ, ಶಾಸನಸಭೆ ಆ ಖರ್ಚಿಗೆ ಒಪ್ಪಿಗೆ ಕೊಟ್ಟಿದೆಯೋ ಇಲ್ಲವೋ ತಾಳೆ ಹಾಕಿ, ಸರಿಯಿದ್ದರೆ ಮೇಲಕ್ಕೆ, ಇಲ್ಲದಿದ್ದರೆ ವಾಪಸ್. ಇಪ್ಪತ್ತರ ವಯಸ್ಸಿಗೆ ಕೆಳಮಹಡಿಯ ಕೌಂಟರಿನಲ್ಲಿ ಕೂತವರು ಮೆಟ್ಟಿಲು ಮೆಟ್ಟಿಲಾಗಿ ಎರಡನೆಯ ಮಹಡಿಗೆ ಬಂದಿದ್ದರು. ಕಚೇರಿ ಇಟ್ಟ ಹೆಸರು ವಾಪಸಮ್ಮ. ಬೆನ್ನ ಹಿಂದೆ ಕರೆಯುತ್ತಿದ್ದ ಹೆಸರು ಬರಬರುತ್ತ ಎದುರಿಗೇ ಬಂತು. ಅತ್ತೆ ಬೇಜಾರು ಮಾಡಿಕೊಂಡವರಲ್ಲ. ಅಸಾಮಾನ್ಯ ಹೆಂಗಸೇನೂ ಅಲ್ಲ ಅವರು. ಮೇಜಿನ ಕೆಳಗೆ ಚಪ್ಪಲಿ ಬಿಚ್ಚಿಟ್ಟು ಮರೆತು ಬರಿಗಾಲಲ್ಲಿ ಮೀಟಿಂಗಿಗೆ ಹೋದದ್ದುಂಟು. ಸಿನಿಮಾಕ್ಕೆ ಕರೆದುಕೊಂಡು ಹೋದರೆ ದೀಪ ಆರಿದ ಕೂಡಲೇ ಗೊರಕೆ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಬಂದ ಅರ್ಜಿಗಳಲ್ಲಿ ಲೋಪ ಇತ್ತು."

ನಿವೃತ್ತ ನರ್ಸಮ್ಮ ಒಬ್ಬರ ಮನೆಯ ಮೇಲಿನ ಭಾಗದಲ್ಲಿ ಬಾಡಿಗೆಗಿದ್ದರು. ಭಾನುವಾರ ಸಂಜೆ ನಮ್ಮ ಮನೆಗೆ ಬಂದು ಅಪ್ಪನ ಜೊತೆ ಜಗಳವಾಡಿ, ಬಿಸ್ಕತ್ತು ತಿಂದು ಹೋಗುತ್ತಿದ್ದರು. ಅಪ್ಪ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಹಿಂದೊಮ್ಮೆ ಖಜಾನೆಯ ಜವಾನರ ಸಮವಸ್ತ್ರ ಹೊಲಿಯುವ ಕೆಲಸ ಅಪ್ಪನಿಗೆ ಸಿಕ್ಕಿತ್ತು. ಆದೇಶದಲ್ಲಿ ಅಂಗಿಗೆ ಒಂದು ಜೇಬು ಎಂದಿತ್ತು. ಜವಾನರು ಪಾಪ ಬೇಡಿಕೊಂಡರೆಂದು ಅಪ್ಪ ಎರಡು ಜೇಬು ಇಟ್ಟು, ಬಿಲ್ಲಿನಲ್ಲೂ ಎರಡು ಜೇಬಿನ ಕೂಲಿ ಬರೆದರು. ಬಿಲ್ಲು ಅಕ್ಕನ ಮೇಜಿಗೆ ಬಂತು. ಅಕ್ಕ ವಾಪಸ್ ಮಾಡಿದರು. ಅಪ್ಪ ಒಂದು ಜೇಬಿನ ಕೂಲಿ ಬಿಟ್ಟುಕೊಟ್ಟು ಬಿಲ್ಲು ತಿದ್ದಿದರು, ಸಿಟ್ಟನ್ನು ಮಾತ್ರ ಬಿಟ್ಟುಕೊಡಲಿಲ್ಲ. ನಮ್ಮ ಮನೆಯಲ್ಲಿ ಯಾವ ಮಾತು ಎಲ್ಲಿ ಶುರುವಾದರೂ ಆ ಎರಡನೆಯ ಜೇಬಿಗೇ ಬಂದು ನಿಲ್ಲುತ್ತಿತ್ತು.

ಇನ್ನು ಹುದ್ದೆಯ ವಿಚಾರ. ದೊರೆಗಳ ಕಾಲದಲ್ಲಿ ಖಜಾಂಚಿ ಎಂದರೆ ಪೆಟ್ಟಿಗೆ ಕಾಯುವವನು. ಪೆಟ್ಟಿಗೆಯ ಮೇಲೆಯೇ ಹಾಸಿಗೆ ಹಾಸಿ ಮಲಗಬೇಕು, ದೊರೆ ಕೇಳಿದಾಗ ಎದ್ದು ಕೊಡಬೇಕು. ದೊರೆತನ ಹೋಗಿ ಶಾಸನಸಭೆ ಬಂದ ಮೇಲೆ ಹುದ್ದೆಯ ಅರ್ಥ ತಿರುಗಿತು. ಸಭೆ ಒಪ್ಪಿದ ಖರ್ಚಿಗಷ್ಟೇ ಹಣ ಹೊರಡಬೇಕು, ಒಪ್ಪದ್ದಕ್ಕೆ ಯಾರು ಬಂದು ನಿಂತರೂ ಹೊರಡಬಾರದು. ಆ 'ಇಲ್ಲ' ಎನ್ನುವುದಕ್ಕೆ ಒಬ್ಬರು ಬೇಕಲ್ಲ, ಅವರೇ ಮುಖ್ಯ ಖಜಾಂಚಿ. ಅವರು ಮಂತ್ರಿಗಳ ಕೈಕೆಳಗಿನವರಲ್ಲ, ಸಭೆಯೇ ಆರಿಸುವವರು. ಹಾಗೆ ಆರಿಸಿ ಬಂದ ಎರಡನೆಯವರು ತಮ್ಮ ಭಾವಮೈದುನನ ಸೇತುವೆಗೆ ಸಭೆಯನ್ನು ಕೇಳದೆ ಹಣ ಕೊಟ್ಟುಬಿಟ್ಟರು. ಸೇತುವೆ ಏಳಲಿಲ್ಲ. ಖಜಾಂಚಿಯ ಆಸ್ತಿಯಿಂದ ವಸೂಲಿ ಮಾಡೋಣವೆಂದರೆ ಅವರ ಹೆಸರಿನಲ್ಲಿ ಇದ್ದದ್ದು ಒಂದು ಆರಾಮಕುರ್ಚಿ. ಅದನ್ನೇ ಹರಾಜು ಹಾಕಿದರು.

ಆ ಸಿಟ್ಟಿನಲ್ಲಿ ಸಭೆ ಒಂದು ಕಾನೂನು ಮಾಡಿತು, ಅದನ್ನು ಯಾರೂ ಇಂದಿಗೂ ತೆಗೆದಿಲ್ಲ. ಮುಖ್ಯ ಖಜಾಂಚಿಯ ಕುರ್ಚಿಯಲ್ಲಿ ಕೂರುವವರು ಸ್ವಂತ ಮನೆಯಿರುವ ಇಬ್ಬರು ಜಾಮೀನುದಾರರನ್ನು ತರಬೇಕು. ಅವರು ಸರಕಾರಿ ನೌಕರರಾಗಿರಬಾರದು. ಖಜಾಂಚಿ ಕೊಡಬಾರದ ಹಣ ಕೊಟ್ಟರೆ ಆ ಮನೆಗಳು ರಾಜ್ಯದ ಪಾಲು. ಅದು ಮರೆತುಹೋಗಬಾರದೆಂದು ಇಬ್ಬರೂ ತಮ್ಮ ಮನೆಯ 'ಬಳಕೆಯಲ್ಲಿರುವ' ಕೀಲಿಕೈ ತಂದೊಪ್ಪಿಸಬೇಕು. ಅವನ್ನು ಖಜಾಂಚಿಯ ಕೋಣೆಯಲ್ಲಿ, ಅವರ ಕುರ್ಚಿಗೆ ನೇರ ಎದುರಿನ ಗೋಡೆಯಲ್ಲಿ ಮೊಳೆಗೆ ನೇತುಹಾಕಬೇಕು. ಅವಧಿ ಮುಗಿದು ಆಡಿಟ್ ಆಗುವವರೆಗೂ ಅವು ಅಲ್ಲೇ ಇರಬೇಕು.

ಬರಬರುತ್ತ ಇದು ಬರೀ ಶಾಸ್ತ್ರವಾಯಿತು. ಖಜಾಂಚಿಗಳಾಗಿ ಬರುವವರು ಅನುಕೂಲಸ್ಥರು, ಅವರ ಜಾಮೀನುದಾರರು ಇನ್ನೂ ಅನುಕೂಲಸ್ಥರು. ಯಾವುದೋ ಗೋದಾಮಿನ ಹಿತ್ತಾಳೆ ಕೀಲಿಯನ್ನು ಥಳಥಳ ಉಜ್ಜಿಸಿ ತಂದು ನೇತುಹಾಕಿ, ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಅದನ್ನು ಚಹಾ ಬೀರುವಿನ ಕೀಲಿ ಎಂದುಕೊಂಡು ಒಮ್ಮೆ ಕೈಹಾಕಿ ಬೈಸಿಕೊಂಡಿದ್ದೇನೆ.

ಹೀಗಿರುವಾಗ, ಆಗಿನ ಮುಖ್ಯ ಖಜಾಂಚಿಗಳಿಗೆ ಪರದೇಶದ ದೊಡ್ಡ ಬ್ಯಾಂಕೊಂದರಲ್ಲಿ ಸ್ಥಾನ ಸಿಕ್ಕಿತು. ತೈಲಚಿತ್ರದಲ್ಲಿ ಕುತ್ತಿಗೆಯವರೆಗೆ ಬಣ್ಣ ತುಂಬಿದ್ದಾಗ ರಾಜೀನಾಮೆ ಕೊಟ್ಟು ಹೊರಟೇ ಹೋದರು. ಸಭೆ ಮುಂದಿನ ಅಧಿವೇಶನದಲ್ಲಿ ಹೊಸಬರನ್ನು ಆರಿಸುವತನಕ ಉಪಖಜಾಂಚಿಯೇ ಹೊಣೆ ಹೊರಬೇಕು ಎಂದು ಕಾನೂನಿದೆ. ಆದರೆ ಕೀಲಿಕೈಯ ಶರತ್ತು ಅವರಿಗೂ ತಪ್ಪಿದ್ದಲ್ಲ. ಹಣಕಾಸು ಕಾರ್ಯದರ್ಶಿ ಅತ್ತೆಯನ್ನು ಕರೆಸಿ, ಸೋಮವಾರದೊಳಗೆ ಇಬ್ಬರು ಜಾಮೀನುದಾರರು ಸಿಕ್ಕದಿದ್ದರೆ ಹೊಣೆಯನ್ನು ಜಂಟಿ ಕಾರ್ಯದರ್ಶಿಗೆ ವಹಿಸುವುದಾಗಿ ಹೇಳಿದರು. ಈ ಜಂಟಿ ಕಾರ್ಯದರ್ಶಿಗೆ ನಾವಿಟ್ಟ ಹೆಸರು ಆಗ್ಲಿಸಾರ್. ಯಾವ ಮಂತ್ರಿ ಏನು ಹೇಳಿದರೂ ಅವರ ಬಾಯಿಂದ ಬರುತ್ತಿದ್ದದ್ದು ಆ ಎರಡೇ ಮಾತು.

ಅವತ್ತು ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಅತ್ತೆ ನನ್ನ ಮೇಜಿಗೆ ಬಂದರು.

"ಒಂದು ಮಾತು ಹೇಳ್ತೀನಿ, ನಗಬಾರದು."

"ನಗಲ್ಲ."

"ನಂಗೆ ಆ ಕುರ್ಚಿ ಮೇಲೆ ಆಸೆ ಇದೆ ಕಣೋ. ಎಷ್ಟು ಜನರಿಗೆ ಅದರ ದಿಂಬು ಸರಿ ಮಾಡಿ ಕೊಟ್ಟಿದೀನಿ. ಒಂದ್ಸಲ ನಾನೂ ಒರಗಿಕೊಂಡು ನೋಡ್ಬೇಕು."

ನಾನು ನಗಲಿಲ್ಲ. ಯಾಕೆಂದರೆ ಅವರ ಮುಂದಿನ ಮಾತು ಏನೆಂದು ನನಗೆ ಹೊಳೆದಿತ್ತು. ಅತ್ತೆಗೆ ಸ್ವಂತ ಮನೆಯಿಲ್ಲ. ಕಚೇರಿಯ ಗೆಳತಿಯರೆಲ್ಲ ಸರಕಾರಿ ನೌಕರರು. ಮನೆಯಿರುವ, ಹೊರಗಿನ, ಅವರ ಮಾತು ಕೇಳುವ ಇಬ್ಬರು ಎಂದರೆ ಲೋಕದಲ್ಲಿ ಒಬ್ಬರು ನರ್ಸಮ್ಮ, ಇನ್ನೊಬ್ಬರು ನಮ್ಮಪ್ಪ. ನಮ್ಮ ಮನೆಯ ಮೇಲೆ ಸಾಲ ತೆಗೆದು ಮಹಡಿಯಲ್ಲೊಂದು ಕೋಣೆ ಕಟ್ಟಿಸಬೇಕೆಂದು ನಾನು ಬ್ಯಾಂಕಿನವರನ್ನು ಮಾತಾಡಿಸಿ ಆಗಿತ್ತು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ಹುಡುಗಿ, ಬಾಗಿಲು ಮುಚ್ಚಿಕೊಳ್ಳಬಹುದಾದ ಒಂದು ಕೋಣೆ ಎದ್ದು ನಿಲ್ಲುವವರೆಗೆ ಮದುವೆಯ ಮಾತೆತ್ತಬೇಡ ಎಂದಿದ್ದಳು. ಜಾಮೀನಿಗೆ ಹೋದ ಮನೆಯ ಮೇಲೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ.

ನರ್ಸಮ್ಮನದು ಮೆಟ್ಟಿಲ ಮೇಲೆಯೇ ಮುಗಿಯಿತಂತೆ. "ಕೊಡ್ತೀನಿ ಬಿಡು," ಎಂದರಂತೆ. "ರಾಜ್ಯ ಹೊತ್ಕೊಂಡು ಓಡಿಹೋಗೋ ಮುಖ ಅಲ್ಲ ನಿಂದು. ಓಡೋಕೆ ಮಂಡಿನೂ ಇಲ್ಲ."

ಭಾನುವಾರ ಅತ್ತೆ ನಮ್ಮ ಮನೆಗೆ ಬಂದಾಗ ಅಪ್ಪ ಮಷಿನ್ನಿನ ಮುಂದೆ ಕೂತು ಯಾರದೋ ಪ್ಯಾಂಟಿನ ಸೊಂಟ ಬಿಡಿಸುತ್ತಿದ್ದರು. ಅತ್ತೆ ಸುತ್ತುಬಳಸಲಿಲ್ಲ. ಕಾನೂನು ಹೇಳಿ, ನಂಗೆ ನಿನ್ನ ಮನೆ ಬೇಕು ಎಂದರು. ಅಮ್ಮ ಅಡುಗೆಮನೆಯಿಂದ ಹೊರಗೆ ಬಂದಳು.

"ಅತ್ತಿಗೆ, ನೀವು ಅಂದ್ರೆ ನಂಗೆ ಗೌರವ ಇದೆ. ಆದ್ರೆ ಅಕಸ್ಮಾತ್ ಎಲ್ಲೋ ಒಂದು ಸೊನ್ನೆ ಜಾಸ್ತಿ ಬಿತ್ತು ಅಂದ್ಕೊಳಿ. ನಾವೆಲ್ಲ ಎಲ್ಲಿಗೆ ಹೋಗೋದು? ನಿಮ್ಮ ಖಜಾನೆ ಮೆಟ್ಟಿಲ ಮೇಲೆ ಮಷಿನ್ ಇಟ್ಕೊಂಡು ಕೂರೋದಾ?"

"ಸೊನ್ನೆ ಜಾಸ್ತಿ ಬೀಳಲ್ಲ."

"ಎಲ್ಲರೂ ಹಾಗೇ ಅಂತಾರೆ. ಇವನ ಮದುವೆ ಬೇರೆ ಇದೆ. ಲೋ, ನೀನೂ ಬಾಯಿ ಬಿಡೋ!"

ನಾನು ಬಾಯಿ ಬಿಟ್ಟೆ. ಬಾಯಲ್ಲಿ ಬಿಸ್ಕತ್ತಿತ್ತು. "ಕಾನೂನು ಪ್ರಕಾರ..." ಎಂದು ಶುರುಮಾಡಿ ಕೆಮ್ಮಿದೆ. ನನ್ನ ಅಭಿಪ್ರಾಯ ಅಲ್ಲಿಗೆ ಮುಗಿಯಿತು.

ಅಪ್ಪ ದಾರ ಕಡಿದು, ಕನ್ನಡಕ ಹಣೆಗೇರಿಸಿ, ಅಕ್ಕನನ್ನು ನೋಡಿದರು.

"ಮೊದ್ಲು ಆ ಜೇಬಿನ ವಿಷಯ ತೀರ್ಮಾನ ಆಗ್ಲಿ."

"ಯಾವ ಜೇಬು?"

"ಯಾವ ಜೇಬು ಅಂತೆ! ಎರಡನೇ ಜೇಬು. ಅವತ್ತು ಮಾಡಿದ್ದು ತಪ್ಪಾಯ್ತು ಅನ್ನು. ಈಗ್ಲೇ ಬೀಗದ ಕೈ ಕೊಡ್ತೀನಿ."

ಅಮ್ಮನ ಮುಖದಲ್ಲಿ ಸ್ವಲ್ಪ ಕಳೆ ಬಂತು. ಅತ್ತೆ ಹಾಗೆ ಹೇಳುವವರಲ್ಲ ಎಂದು ಅವಳಿಗೂ ಗೊತ್ತು. ಅತ್ತೆ ಕೈಯಲ್ಲಿದ್ದ ಬಿಸ್ಕತ್ತು ತಟ್ಟೆಗಿಟ್ಟರು. ಕುರ್ಚಿಯ ಆಸೆ ಅವರ ಮುಖದ ಮೇಲೇ ಇತ್ತು, ಮುಚ್ಚಿಡಲು ಅವರಿಗೆ ಬರುತ್ತಿರಲಿಲ್ಲ. ಆದರೂ ಹೇಳಿದ್ದು ಇಷ್ಟು:

"ಆದೇಶದಲ್ಲಿ ಒಂದೇ ಜೇಬು ಇತ್ತು. ಇವತ್ತು ಆ ಬಿಲ್ಲು ಬಂದ್ರೂ ವಾಪಸ್ಸೇ."

ಚೀಲ ತೆಗೆದುಕೊಂಡು ಎದ್ದು ನಿಂತರು. ಅತ್ತೆ ಹೊಸ್ತಿಲು ದಾಟುವವರೆಗೂ ಅಪ್ಪ ನೋಡುತ್ತಿದ್ದು, ಆಮೇಲೆ ಕೂಗಿದರು: "ಸೋಮವಾರ ಎಷ್ಟೊತ್ತಿಗೆ ಬರಬೇಕು?"

"ರೀ!" ಎಂದಳು ಅಮ್ಮ.

"ಏನು ರೀ? ತಮ್ಮನ ಜೇಬನ್ನೇ ಬಿಡದವಳು ಇನ್ಯಾರದ್ದನ್ನ ಬಿಡ್ತಾಳೆ? ನಮ್ಮನೆ ಬ್ಯಾಂಕಲ್ಲಿಟ್ಟಿದ್ದಕ್ಕಿಂತ ಭದ್ರ." ಎಂದು ಹೇಳಿ ಅಪ್ಪ ಮತ್ತೆ ಮಷಿನ್ ತುಳಿದರು. ಸಿಟ್ಟೇನೂ ಇಳಿದಿರಲಿಲ್ಲ. ಪೆಡಲಿನ ಸದ್ದಿನಲ್ಲೇ ಗೊತ್ತಾಗುತ್ತಿತ್ತು.

ಸೋಮವಾರ ಮನೆಮಂದಿಯೆಲ್ಲ ಹೊರಟೆವು. ಹಿಂದಿನ ಅಡುಗೆಮನೆ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿ, ಮುಂದಿನ ಬಾಗಿಲಿಗೆ ಅಂಗೈಯಗಲದ ಕಬ್ಬಿಣದ ಬೀಗ ಜಡಿದು ಹೋದೆವು. ಆ ಬೀಗಕ್ಕೆ ಇದ್ದದ್ದು ಒಂದೇ ಕೀಲಿಕೈ. ಎರಡನೆಯದು ಮನೆಯಲ್ಲೇ ಎಲ್ಲೋ ಇದೆ ಎಂದು ನಾನು ಹುಟ್ಟುವ ಮೊದಲಿನಿಂದ ಹೇಳುತ್ತಾ ಬಂದಿದ್ದಾರೆ. ಅದಕ್ಕಾಗಿಯೇ ನಾನು ಅಪ್ಪನಿಗೆ ಬುದ್ಧಿ ಹೇಳಿದ್ದೆ. ಎಲ್ಲರೂ ಯಾವುದೋ ಹಳೇ ಕೀಲಿ ತಂದು ನೇತುಹಾಕುತ್ತಾರೆ, ಚರಿತ್ರೆ ಬರೆದವನು ನಾನು, ನನ್ನ ಮಾತು ಕೇಳು ಎಂದು ಅಜ್ಜಿಯ ಟ್ರಂಕಿನ ಕೀಲಿಯನ್ನು ಅವರ ಜೇಬಿಗೆ ಹಾಕಿ ಕರೆತಂದಿದ್ದೆ.

ಖಜಾಂಚಿಯ ಕೋಣೆಯಲ್ಲಿ ಕಾರ್ಯದರ್ಶಿ, ಸಭೆಯ ಗುಮಾಸ್ತರು, ಆಗ್ಲಿಸಾರ್, ನಾಲ್ಕಾರು ಸಿಬ್ಬಂದಿ ಸೇರಿದ್ದರು. ಗುಮಾಸ್ತರು ಹಳೆಯ ಕಾಗದ ಓದಿದರು: ಈ ಮನೆ, ಇದರ ಗೋಡೆ, ಇದರ ಛಾವಣಿ, ಇದರ ಒಲೆ, ಇಷ್ಟನ್ನೂ ಖಜಾಂಚಿಯ ನಡತೆಗೆ ಹೊಣೆಯಾಗಿ ಇಟ್ಟಿದ್ದೇನೆ ಎಂದು. ಒಲೆ ಎಂದಾಗ ಅಮ್ಮ ನನ್ನ ತೋಳು ಚಿವುಟಿದಳು. ನರ್ಸಮ್ಮ ಸಹಿ ಹಾಕಿ ತಮ್ಮ ಕೀಲಿಯನ್ನು ಮೇಜಿನ ಮೇಲಿಟ್ಟರು. ಮನೆಯಲ್ಲಿ ಇನ್ನೆರಡಿವೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಅಪ್ಪ ಟ್ರಂಕಿನ ಕೀಲಿ ಇಟ್ಟರು.

ಅತ್ತೆ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಅಪ್ಪನ ಮುಂದಕ್ಕೆ ಸರಿಸಿ, "ವಾಪಸ್," ಎಂದರು.

ಸಿಬ್ಬಂದಿಯಲ್ಲಿ ಯಾರೋ ಕಿಸಕ್ಕೆಂದರು. ಕಾರ್ಯದರ್ಶಿಗಳು ಬಗ್ಗಿ, "ಮೇಡಂ, ಇದೆಲ್ಲ ಬರೀ ಶಾಸ್ತ್ರ. ಯಾವುದಿದ್ರೂ ನಡೆಯುತ್ತೆ," ಎಂದರು.

"ಬಳಕೆಯಲ್ಲಿರೋದು ಅಂತ ಬರೆದಿದೆ ಸಾರ್. ಇದು ನಮ್ಮಮ್ಮನ ಟ್ರಂಕಿಂದು. ಆ ಟ್ರಂಕೂ ಈಗಿಲ್ಲ."

ಅಪ್ಪನ ಕಿವಿ ಕೆಂಪಾಯಿತು. ನನ್ನ ಕಡೆ ಒಂದು ನೋಟ ಬಿಟ್ಟರು. ಚರಿತ್ರಕಾರನಾದ ನಾನು ಛಾವಣಿ ನೋಡುತ್ತ ನಿಂತೆ. ಅಪ್ಪ ಸೊಂಟದಿಂದ ಮನೆಯ ಕೀಲಿ ಬಿಚ್ಚಿ ಮೇಜಿನ ಮೇಲೆ ಠಣ್ ಎಂದು ಕುಕ್ಕಿದರು. ಅತ್ತೆ ಅದನ್ನು ತಾವೇ ಕೊಂಡೊಯ್ದು ಎದುರು ಗೋಡೆಯ ಎರಡನೆಯ ಮೊಳೆಗೆ ಹಾಕಿ, ಬಂದು ಕುರ್ಚಿಯಲ್ಲಿ ಕೂತರು. ದಿಂಬಿಗೆ ಒರಗಿದರು. ಒಂದು ಗಳಿಗೆ ಕಣ್ಣುಮುಚ್ಚಿದರು. ಎಲ್ಲರೂ ಪ್ರಾರ್ಥನೆ ಎಂದುಕೊಂಡರು. ಗೊರಕೆ ಶುರುವಾಗುತ್ತದೋ ಎಂದು ನನಗೊಬ್ಬನಿಗೆ ಭಯ.

ಮನೆಗೆ ಬಂದು ಬಾಗಿಲ ಮುಂದೆ ನಿಂತ ಮೇಲೆಯೇ ನಾವು ಮಾಡಿದ್ದೇನೆಂದು ನಮಗೆ ಅರಿವಾದದ್ದು. ಮುಂದೆ ಬೀಗ, ಹಿಂದೆ ಅಗುಳಿ. ನಾನು ಬಚ್ಚಲ ಕಿಟಕಿಯಿಂದ ಒಳಗಿಳಿಯಬೇಕಾಯಿತು. ಸೊಂಟದ ಹತ್ತಿರ ಸಿಕ್ಕಿಕೊಂಡಾಗ ಅಪ್ಪ ಹೊರಗಿನಿಂದ, "ನಿನ್ನ ಸುತ್ತಳತೆ ಮೂವತ್ತಾರು ಇಂಚು. ಆ ಕಿಟಕೀದು ಮೂವತ್ತನಾಲ್ಕು," ಎಂದು ಅಳತೆ ಹೇಳಿದರು. ಅಮ್ಮ ತಳ್ಳಿದಳು.

ಬೀಗ ಒಡೆಯೋಣ ಎಂದರೆ ಅಪ್ಪ ಒಪ್ಪಲಿಲ್ಲ. "ಒಡೆದ್ರೆ ಅಲ್ಲಿ ನೇತಾಡ್ತಿರೋ ಕೈ ಯಾವ ಬೀಗದ್ದು? ಬಳಕೆಯಲ್ಲಿಲ್ಲ ಅಂತ ಅವಳೇ ವಾಪಸ್ ಕಳಿಸ್ತಾಳೆ. ಕುರ್ಚಿ ಹೋಗುತ್ತೆ." ನಕಲಿ ಕೀಲಿ ಮಾಡಿಸೋಣ ಎಂದರೆ, "ಅದು ಜಾಮೀನಿಗೆ ಮಾಡೋ ಮೋಸ." ಅಕ್ಕನ ಮೇಲಿನ ಸಿಟ್ಟನ್ನು ಅವರು ಕಾನೂನು ಪಾಲಿಸಿಯೇ ತೀರಿಸಿಕೊಳ್ಳುತ್ತಿದ್ದಾರೆ ಎಂದು ನನಗನ್ನಿಸಿತು. ಹೀಗೆ ನಮ್ಮ ಮನೆಯ ಮುಂಬಾಗಿಲು ಹೊರಗಿನಿಂದ ಬೀಗ ಹಾಕಿಸಿಕೊಂಡು ನಿಂತಿತು. ಹಾಲಿನವನು, ಅಂಚೆಯವನು, ಅಳತೆ ಕೊಡಲು ಬರುವ ಗಿರಾಕಿಗಳು, ಎಲ್ಲರೂ ಪಕ್ಕದವರ ಅಂಗಳ ಸುತ್ತಿ ಅಡುಗೆಮನೆಯಿಂದ ಬರಬೇಕು. ಪಕ್ಕದ ಮನೆಯ ಯಜಮಾನರು ದಿನಾ ಬೇಲಿಯಾಚೆಯಿಂದ, "ಏನ್ರೀ, ಮನೆಯವರು ಊರಲ್ಲಿಲ್ವಾ?" ಎಂದು ಅಪ್ಪನನ್ನೇ ಕೇಳುತ್ತಿದ್ದರು. ಅಮ್ಮ ಸಾರಿನ ಪಾತ್ರೆ ಕೆಳಗಿಳಿಸುತ್ತಿರುವಾಗ ಪೊಲೀಸ್ ಪೇದೆಯೊಬ್ಬರು ಎದೆಯಳತೆಗೆ ಕೈಯೆತ್ತಿಕೊಂಡು ನಿಂತಿರುತ್ತಿದ್ದರು. ನನ್ನ ಹುಡುಗಿ ಮೊದಲ ಸಲ ಮನೆಗೆ ಬಂದದ್ದೂ ಆ ದಾರಿಯಲ್ಲೇ. "ಬಾಗಿಲು ಮುಚ್ಚಿಕೊಳ್ಳೋ ಕೋಣೆ ಅಂದಿದ್ದೆ. ಇಷ್ಟು ಮುಚ್ಚಬೇಕು ಅಂದಿರಲಿಲ್ಲ," ಎಂದಳು.

ಅತ್ತೆಯ ದಿನಗಳು ಸದ್ದಿಲ್ಲದೆ ನಡೆದವು. ಸಂಬಳ, ಪಿಂಚಣಿ, ಆಸ್ಪತ್ರೆಗಳ ಔಷಧಿ ಎಲ್ಲವೂ ಹೊತ್ತಿಗೆ ಸರಿಯಾಗಿ ಹೊರಟವು. ಅದಕ್ಕೇ ಯಾವ ಪತ್ರಿಕೆಯೂ ಅವರ ಬಗ್ಗೆ ಬರೆಯಲಿಲ್ಲ.

ಅಧಿವೇಶನಕ್ಕೆ ಕೆಲವೇ ವಾರಗಳಿದ್ದಾಗ ಲೋಕೋಪಯೋಗಿ ಮಂತ್ರಿಗಳು ಬಂದರು. ನಾನು ಅವತ್ತು ಹೊತ್ತಿಗೆಗೆಂದು ಕೋಣೆಯ ಫೋಟೋ ತೆಗೆಯಲು ಹೋಗಿದ್ದೆ. ಆಗ್ಲಿಸಾರ್ ಫೈಲು ಹಿಡಿದು ಹಿಂದಿದ್ದರು. ಅತ್ತೆ ನನಗೆ ಹೋಗು ಎನ್ನಲಿಲ್ಲ, ಮಂತ್ರಿಗಳಿಗೆ ನಾನು ಕಾಣಿಸಲೇ ಇಲ್ಲ. ಗುತ್ತಿಗೆ ನೌಕರನಿಗೆ ಇದೊಂದು ಅನುಕೂಲವಿದೆ.

ವಿಷಯ ಕ್ರೀಡಾಂಗಣದ ಛಾವಣಿಯದು. ಗುತ್ತಿಗೆದಾರನಿಗೆ ಮುಂಗಡ ಕೊಡಬೇಕು. ಸಭೆಯ ಒಪ್ಪಿಗೆ ಇನ್ನೂ ಆಗಿರಲಿಲ್ಲ.

"ಅಮ್ಮಾ, ಇದರಲ್ಲಿ ಮುಚ್ಚುಮರೆ ಏನೂ ಇಲ್ಲ," ಎಂದರು ಮಂತ್ರಿಗಳು. ದೊಡ್ಡ ದನಿ, ಒಳ್ಳೆಯ ನಗು. "ದೊಡ್ಡ ಕ್ರೇನು ಈಗ ಇಲ್ಲಿದೆ. ಈ ವಾರ ಮುಂಗಡ ಹೋಗ್ಲಿಲ್ಲ ಅಂದ್ರೆ ಅವನು ಬೇರೆ ಕೆಲಸಕ್ಕೆ ಎತ್ಕೊಂಡು ಹೋಗ್ತಾನೆ. ಮತ್ತೆ ಬರೋಕೆ ವರ್ಷ ಆಗುತ್ತೆ. ಮುಂದಿನ ಅಧಿವೇಶನದಲ್ಲಿ ಸಭೆ ಹೇಗಿದ್ರೂ ಒಪ್ಪುತ್ತೆ. ಏನಂತೀರಿ?"

"ಆಗ್ಲಿ ಸಾರ್," ಎಂದರು ಆಗ್ಲಿಸಾರ್, ಅವರನ್ನು ಯಾರೂ ಕೇಳಿರಲಿಲ್ಲ.

ಅತ್ತೆ ಫೈಲು ಪೂರ್ತಿ ಓದಿದರು. "ಕ್ರೇನಿನ ವಿಷಯ ನಿಜ," ಎಂದರು.

"ನಿಜ ತಾನೇ? ನಿಮ್ಮಂಥೋರು ಬೇಕಮ್ಮ ಇಲ್ಲಿ. ಅಧಿವೇಶನದಲ್ಲಿ ಹೊಸ ಖಜಾಂಚಿ ಯಾರು ಅಂತ ಬಂದಾಗ ನಮ್ಮ ಕಡೆಯವರ ಮತ ಎಲ್ಲಿ ಬೀಳಬೇಕು ಅನ್ನೋದು ನನ್ನ ಕೈಲಿದೆ. ಪೂರ್ತಿ ಅವಧಿ ಕೂರಬಹುದು. ಹೊರಗೆ ಸಾಲಲ್ಲಿ ನಿಮ್ದೂ ಒಂದು ಚಿತ್ರ."

ಅತ್ತೆ ಪೆನ್ನಿನ ಮುಚ್ಚಳ ತೆಗೆದರು. ಅದನ್ನು ನಾನು ಕಣ್ಣಾರೆ ಕಂಡೆ. ಮಂತ್ರಿಗಳ ತಲೆಯ ಹಿಂದೆ, ಗೋಡೆಯಲ್ಲಿ ಎರಡು ಕೀಲಿಗಳಿದ್ದವು. ನರ್ಸಮ್ಮನದು ಸಣ್ಣದು, ನಮ್ಮದು ಕಪ್ಪಗೆ ದಪ್ಪಗೆ. ಬಂದವರ ಬೆನ್ನಿಗೆ ಬೀಳುವ, ಕೂತವರ ಕಣ್ಣಿಗೆ ಬೀಳುವ ಜಾಗ ಅದು. ಅತ್ತೆ ಅಲ್ಲಿ ನೋಡಿದರು. ಪೆನ್ನು ಕೈಯಲ್ಲೇ ಇತ್ತು.

"ಏನೋ," ಎಂದು ನನ್ನನ್ನು ಕರೆದರು. "ನಿಮ್ಮಮ್ಮ ಇನ್ನೂ ಹಿಂದಿನ ಬಾಗಿಲಲ್ಲೇ ಓಡಾಡ್ತಿದಾಳಾ?"

"ಹೂಂ ಅತ್ತೆ."

"ಬೈತಾಳಾ?"

"ದಿನಾ."

ಅತ್ತೆ ಪೆನ್ನಿಗೆ ಮುಚ್ಚಳ ಹಾಕಿದರು. "ಸಾರ್, ನಿಮ್ಮನೆ ಬೀಗದ ಕೈ ಜೇಬಲ್ಲಿದೆಯಾ?"

ಮಂತ್ರಿಗಳು ಅಭ್ಯಾಸದಂತೆ ಜೇಬು ತಡವಿಕೊಂಡರು. "ಇಲ್ಲ. ಆಳುಗಳು ತೆಗೀತಾರೆ. ಯಾಕೆ?"

"ಅಲ್ಲಿ ಮೂರನೇ ಮೊಳೆಗೆ ಜಾಗ ಇತ್ತು, ಅದಕ್ಕೆ ಕೇಳಿದೆ. ಇದ್ದಿದ್ರೂ ನಾನು ಸಹಿ ಹಾಕ್ತಿರಲಿಲ್ಲ ಬಿಡಿ. ಸಭೆ ಒಪ್ಪಿದ ದಿನ ಕಳಿಸಿ, ಅವತ್ತೇ ಹಾಕ್ತೀನಿ."

"ಆ ದಿನ ಈ ಕುರ್ಚೀಲಿ ನೀವು ಇರಲ್ಲಮ್ಮ."

"ಇರೋರು ಹಾಕ್ತಾರೆ."

ಫೈಲು ವಾಪಸ್ ಹೋಯಿತು. ಮಂತ್ರಿಗಳ ನಗು ಬಾಗಿಲವರೆಗೂ ಹಾಗೇ ಇತ್ತು, ಆಚೆ ಹೋದ ಮೇಲೆ ಏನಾಯಿತೋ ಕಾಣೆ. ಅತ್ತೆ ಮೇಜಿನ ಕೆಳಗೆ ಕಾಲಲ್ಲಿ ಚಪ್ಪಲಿ ಹುಡುಕುತ್ತ, "ಫೋಟೋ ತೆಗೆದ್ಯಾ?" ಎಂದರು. ತೆಗೆದಿರಲಿಲ್ಲ. ಅತ್ತೆ ಸಹಿ ಹಾಕಿದ ಮೇಲೆ ಸಭೆಯ ಒಪ್ಪಿಗೆ ಯಾವುದೋ ಕಾರಣಕ್ಕೆ ಸಿಕ್ಕದೆ ಹೋಗಿದ್ದರೆ ಗೋಡೆ, ಛಾವಣಿ, ಒಲೆ ಎಲ್ಲ ಹೋಗುತ್ತಿದ್ದದ್ದು ನಮ್ಮದು.

ಆಮೇಲೆ ಆದದ್ದನ್ನು ಇದ್ದಂತೆಯೇ ಹೇಳಿಬಿಡುತ್ತೇನೆ. ಅಧಿವೇಶನದಲ್ಲಿ ಸಭೆ ಕ್ರೀಡಾಂಗಣದ ಛಾವಣಿಗೆ ಒಪ್ಪಿಗೆ ಕೊಟ್ಟಿತು, ಒಂದು ಪೈಸೆ ಕಡಿಮೆ ಮಾಡದೆ. ಕ್ರೇನು ಮಾತ್ರ ಹೊರಟುಹೋಗಿತ್ತು. ಛಾವಣಿ ವರ್ಷ ತಡವಾಯಿತು, ಈಗ ಅಲ್ಲಿದೆ, ಚೆನ್ನಾಗಿಯೇ ಇದೆ. ಅತ್ತೆಯ ಹೆಸರನ್ನು ಒಬ್ಬ ಸದಸ್ಯರು ಎತ್ತಿದರು, ಯಾರೂ ಬೆಂಬಲಿಸಲಿಲ್ಲ. ಆರಿಸಿ ಬಂದವರು ಆಗ್ಲಿಸಾರ್. ಅವರ ಜಾಮೀನುದಾರರ ಕೀಲಿಗಳಿಗೆ ಅಂಗಡಿಯ ತಂತಿ ಇನ್ನೂ ಸುತ್ತಿಕೊಂಡಿತ್ತು. ಅತ್ತೆ ಹಳೆಯ ಮೇಜಿಗೆ ಬಂದು ಕೂತರು. ತಾತ್ಕಾಲಿಕವಾಗಿ ಕೂತವರಿಗೆ ತೈಲಚಿತ್ರವಿಲ್ಲ. ಹೊತ್ತಿಗೆಯ ಕೊನೆಯ ಪುಟದಲ್ಲಿ ಒಂದು ಸಾಲು ಹಾಕಲು ಅನುಮತಿ ಸಿಕ್ಕಿತು. ನಾನು ಮೂರು ಸಾಲು ಬರೆದುಕೊಟ್ಟೆ. ಅತ್ತೆ ಎರಡನ್ನು ಹೊಡೆದು ವಾಪಸ್ ಕೊಟ್ಟರು.

"ಬೇಜಾರಾಯ್ತಾ?" ಎಂದು ಕೇಳಿದೆ.

"ಆಗದೇ ಇರುತ್ತಾ? ಒಳ್ಳೆ ಕುರ್ಚಿ ಅದು," ಎಂದರು.

ಆಡಿಟ್ ನಿಧಾನಕ್ಕೆ ನಡೆಯಿತು. ಆಡಿಟರು ಮೊದಲು ಕೇಳಿದ್ದು ಕ್ರೀಡಾಂಗಣದ ಫೈಲನ್ನಂತೆ. ಅದರಲ್ಲಿ ಅತ್ತೆಯ ಸಹಿ ಇಲ್ಲದ್ದು ಕಂಡು ಮುಂದಿನ ಫೈಲಿಗೆ ಹೋದರಂತೆ. ಜಾಮೀನು ಬಿಡುಗಡೆಯಾಗುವ ಹೊತ್ತಿಗೆ ನಮ್ಮ ಮನೆಯಲ್ಲಿ ವಿಚಿತ್ರವೊಂದು ನಡೆದುಹೋಗಿತ್ತು. ಅಡುಗೆಮನೆಯಲ್ಲಿ ಕಾಯುವ ಗಿರಾಕಿಗಳ ಜೊತೆ ಮಾತಿಗಿಳಿದು ಅಮ್ಮ ಅರ್ಧ ವ್ಯಾಪಾರವನ್ನೇ ಕೈಗೆ ತೆಗೆದುಕೊಂಡಿದ್ದಳು. ಸುಮ್ಮನೆ ಬಂದವರನ್ನೂ ಎರಡು ಅಂಗಿ ಹೊಲಿಸಿಕೊಳ್ಳದೆ ಬಿಡುತ್ತಿರಲಿಲ್ಲ.

ಒಂದು ಭಾನುವಾರ ಅತ್ತೆ ಕೀಲಿಕೈ ಹಿಡಿದು, ಪಕ್ಕದವರ ಅಂಗಳ ಸುತ್ತಿ, ಅಡುಗೆಮನೆಯಿಂದಲೇ ಬಂದರು. ಅಮ್ಮ ಒಂದು ಲೋಟ ಚಹಾ ಹೆಚ್ಚಿಗೆ ಇಟ್ಟಳು. ನನ್ನ ಹುಡುಗಿಯೂ ಇದ್ದಳು. ಬ್ಯಾಂಕಿನ ಕಾಗದಗಳನ್ನು ನಾನು ಸಿದ್ಧ ಮಾಡಿಟ್ಟುಕೊಂಡಿದ್ದೆ, ಮಹಡಿಯ ಕೋಣೆಗೆ ಕಿಟಕಿ ಎಲ್ಲಿ ಬರಬೇಕು ಎಂಬ ಬಗ್ಗೆ ನಮ್ಮಿಬ್ಬರಿಗೂ ಆಗಲೇ ಜಗಳವಾಗಿತ್ತು. ಅದರ ಸುತ್ತಳತೆಯ ವಿಷಯದಲ್ಲಿ ಮಾತ್ರ ಒಮ್ಮತವಿತ್ತು, ಮೂವತ್ತನಾಲ್ಕು ಇಂಚಿಗಿಂತ ಜಾಸ್ತಿ.

ಅತ್ತೆ ಕೀಲಿಯನ್ನು ಹೊಲಿಗೆ ಮಷಿನ್ನಿನ ಮೇಲಿಟ್ಟು, ಚೀಲದಿಂದ ಒಂದು ಚೀಟಿ ತೆಗೆದರು. "ತಲುಪಿತು ಅಂತ ಇಲ್ಲಿ ಸಹಿ ಹಾಕು."

ಅಪ್ಪ ಕನ್ನಡಕ ಇಳಿಸಿಕೊಂಡು ಚೀಟಿಯನ್ನು ಓದಿದರು. ಮತ್ತೆ ಓದಿದರು. ಅವರ ಮುಖದಲ್ಲಿ ಏನೋ ನಿಧಾನಕ್ಕೆ ಅರಳತೊಡಗಿತು.

"'ಕೀಲಿಕೈ ಒಂದು' ಅಂತ ಇದೆ."

"ಹೌದು. ಒಂದೇ ತಾನೇ ಇರೋದು?"

"ಯಾವ ಬೀಗದ್ದು ಅಂತ ಎಲ್ಲಿದೆ? ನಮ್ಮಮ್ಮನ ಟ್ರಂಕಿಂದೋ, ನರ್ಸಮ್ಮನದೋ, ನಂಗೇನು ಗೊತ್ತು?"

ಅತ್ತೆ ಚೀಟಿ ಎಳೆದುಕೊಂಡು ನೋಡಿದರು. ಮತ್ತೆ ಮಷಿನ್ನಿನ ಮೇಲಿಟ್ಟರು. ಅಪ್ಪ ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದು, ಮಷಿನ್ನಿನ ಮೇಲೆ ಅಕ್ಕನ ಕಡೆಗೆ ಮೆಲ್ಲಗೆ ಸರಿಸಿದರು.

"ವಾಪಸ್," ಎಂದರು.

ಅತ್ತೆ ನನ್ನ ಕಡೆ ಕೈ ಚಾಚಿದರು. "ಪೆನ್ನು ಕೊಡೋ," ಎಂದು, ಚೀಟಿಯ ಹಿಂಬದಿಯಲ್ಲಿ ಹೊಸದಾಗಿ ಬರೆಯತೊಡಗಿದರು. ಅವರು ಬರೆದು ಮುಗಿಸುವ ತನಕ ಅಪ್ಪ ಕೀಲಿಯನ್ನು ಮುಟ್ಟಲಿಲ್ಲ. ಆಮೇಲೆ ಸಹಿ ಹಾಕಿ, ಮಷಿನ್ನಿನ ಎಣ್ಣೆ ಡಬ್ಬಿ ಹಿಡಿದುಕೊಂಡು, ತುಕ್ಕು ಹಿಡಿದ ಬೀಗ ತೆಗೆಯಲು ಹಿಂಬಾಗಿಲಿನಿಂದ ಹೊರಟರು.